ಕಡೆಯ ಸರದಿ

ಸಿಂದಗಿಯ ಪೇಟಿ ಮಾಸ್ತರ ಸೋಮನಿಂಗನ ಹೊಟ್ಟೆಕಿಚ್ಚಿಗೆ ಒಂದೇ ಹೆಸರು: ಇಂಡಿ ಊರಿನ ಜೈನುದ್ದೀನ. ಇಬ್ಬರೂ ರೇವಪ್ಪ ಮಾಸ್ತರರ ಅಂಗಳದಲ್ಲಿ ಒಂದೇ ಚಾಪೆಯ ಮೇಲೆ ಕೂತು ಹಾರ್ಮೋನಿಯಂ ಪೇಟಿ ಕಲಿತವರು. ಸೋಮನಿಂಗ ಗುರುವಿನ ಓಣಿಯಲ್ಲೇ ಉಳಿದ, ನಾಟಕ ಕಂಪನಿಗಳಿಗೆ ನುಡಿಸಿದ. ಜೈನುದ್ದೀನ ಮುಂಬಯಿಗೆ ಹೋಗಿ, ದೊಡ್ಡ ಹೋಟೆಲಿನಲ್ಲಿ ಗೋವೆಯವರ ಜಾಝ್ ಬ್ಯಾಂಡಿಗೆ ಪಿಯಾನೊ ಬಾರಿಸುತ್ತ, ಅದರ ನಡುವೆ ನಮ್ಮ ರಾಗಗಳನ್ನು ತಂದು ಕೂಡಿಸಿ ಹೆಸರು ಮಾಡಿದ. ಅವನ ರಿಕಾರ್ಡು ಸಿಂದಗಿಯ ಚಹಾದಂಗಡಿಗೂ ಬಂತು.

"ಇದೇನ್ ರಾಗಾನೋ? ಮಜ್ಜಿಗ್ಯಾಗ ಸೋಡಾ ಸುರವಿದಾಂಗ ಐತಿ" ಎಂದು ಸೋಮನಿಂಗ ಮೂಗು ಮುರಿದ. ಆದರೆ ರಿಕಾರ್ಡು ಶುರುವಾಯಿತೆಂದರೆ ತಕ್ಷಣ ಕಾಲು ಕೀಳುತ್ತಿರಲಿಲ್ಲ. ಎರಡು ನಿಮಿಷ ಕೇಳಿ, ಉಳಿದದ್ದನ್ನು ಕೇಳಲಾರದೆ ಸರಸರನೆ ಹೊರಟುಬಿಡುತ್ತಿದ್ದ. ಚಹಾ ಅರ್ಧ ಅಲ್ಲೇ ಆರುತ್ತಿತ್ತು.

ಪ್ರತಿ ಗುರುಪೂರ್ಣಿಮೆಗೆ ಶಿಷ್ಯರೆಲ್ಲ ಗುರುವಿನ ಅಂಗಳದಲ್ಲಿ ನುಡಿಸಬೇಕು. ಎಳೆಯರು ಮೊದಲು, ಎಲ್ಲರಿಗಿಂತ ದೊಡ್ಡವನು ಕಡೆಗೆ. ಕಡೆಯವನು ಭೈರವಿ ನುಡಿಸಿ ಸಭೆ ಮುಗಿಸುತ್ತಾನೆ. ಭೈರವಿಯಾದ ಮೇಲೆ ಅಲ್ಲಿ ಯಾರೂ ಪೇಟಿ ಮುಟ್ಟುವುದಿಲ್ಲ. ಆ ಕಡೆಯ ಸರದಿ ವರ್ಷಗಳಿಂದ ಸೋಮನಿಂಗನದು. ಬದುಕಿನಲ್ಲಿ ಅವನಿಗೆ ಸಿಕ್ಕ ಮರ್ಯಾದೆ ಅಂದರೆ ಅದೊಂದೇ.

೧೯೬೧ರಲ್ಲಿ ರೇವಪ್ಪ ಮಾಸ್ತರರು ಹೇಳಿದರು: "ಸೋಮ್ಯಾ, ಈ ಸಲ ಕಡೀಗೆ ಜೈನೂ ನುಡಸ್ಲಿ. ದೂರಿಂದ ಬರಾಕತ್ತಾನ."

"ಆಗ್ಲಿರಿ ಗುರುಗಳ" ಎಂದ ಸೋಮನಿಂಗ. ಗುರುವಿನ ಮನೆಗೆ ನೀರು ಹೊತ್ತವನು ತಾನು, ಮೊದಲ ಮಣೆ ಊರು ಬಿಟ್ಟವನಿಗೆ! ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಅಂದಿದ್ದಾರೆಯೇ?

ಗುರುಪೂರ್ಣಿಮೆಯಂದು ಇಂಡಿ, ಬಾಗೇವಾಡಿ, ಮುದ್ದೇಬಿಹಾಳಗಳಿಂದ ಬಸ್ಸು ತುಂಬಿ ಮಂದಿ ಬಂದರು. ಬಿಳಿ ಪ್ಯಾಂಟಿನ ಜೈನುದ್ದೀನ ಗುರುವಿನ ಕಾಲು ಮುಟ್ಟಿ, ಸೋಮನಿಂಗನ ಕಾಲನ್ನೂ ಮುಟ್ಟಲು ಬಾಗಿದ. ಸೋಮನಿಂಗ ಕಾಲು ಹಿಂದೆಳೆದುಕೊಂಡ.

ಅವನ ಸರದಿ ಜೈನುದ್ದೀನನಿಗಿಂತ ಒಂದು ಮೊದಲು. ಪೇಟಿಯ ಮುಂದೆ ಕೂತವನೇ, ಯಾರನ್ನೂ ಕೇಳದೆ ಭೈರವಿ ಹಿಡಿದ. ಅಂಗಳ ಬೆಚ್ಚಿತು. ಸಿಟ್ಟಿನಲ್ಲಿ ನುಡಿಸಿದರೂ ಆ ಭೈರವಿ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಕೋಮಲ ರಿಷಭದ ಮೇಲೆ ನಿಂತು, ಷಡ್ಜಕ್ಕೆ ಇಳಿಯದೆ ಕೇಳುವವರನ್ನು ಕಾಯಿಸಿ ಕಾಯಿಸಿ, ಕಡೆಗೊಮ್ಮೆ ಇಳಿದ. ಪೇಟಿ ಮುಚ್ಚಿ, ಇನ್ನು ನುಡಿಸು ನೋಡೋಣ ಎನ್ನುವಂತೆ ಜೈನುದ್ದೀನನನ್ನು ನೋಡಿದ.

"ಭೈರವಿ ಆದ್ರೇನಾತ್ರಿ, ನುಡಸ್ರಿ ಸಾಹೇಬ್ರ!" ಮಂದಿ ಕೂಗಿತು.

ಜೈನುದ್ದೀನ ಎದ್ದು ಕೈಮುಗಿದ. "ಮುಂಬೈದಾಗ ಏನರ ಬಾರಸ್ತೇನಿ. ಈ ಅಂಗಳದಾಗ ಭೈರವಿ ಆದಮ್ಯಾಲೆ ನಾ ಪೇಟಿ ಮುಟ್ಟಾಂವಲ್ರಿ."

ಮಂದಿ ಗೊಣಗುತ್ತ ಕಡೆಯ ಬಸ್ಸಿಗೆ ಓಡಿತು. ಸೋಮನಿಂಗನಿಗೆ ಹಬ್ಬ.

ಊಟಕ್ಕೆ ಕೂತಾಗ ಗುರು ಕೇಳಿದರು, "ಜೈನೂ, ಇವತ್ತ ಏನ್ ನುಡಸಾಂವಿದ್ದಿ?"

"ಸೋಮಣ್ಣನ ಭೈರವಿ."

ಸೋಮನಿಂಗನ ರೊಟ್ಟಿ ತುತ್ತು ಬಾಯಲ್ಲೇ ನಿಂತಿತು.

"ಮೊದ್ಲ ಸಲ ಹೋಟೆಲ್ನ್ಯಾಗ ಬ್ಯಾಂಡಿನಾಂವ, ನಿಂದೇನರ ಬಾರಿಸು ಅಂದನ್ರಿ. ಏನೂ ನೆನಪ ಆಗ್ಲಿಲ್ಲ. ಸೋಮಣ್ಣ ರಿಷಭದ ಮ್ಯಾಲ ಕಾಯಸ್ತಾನಲ್ರಿ, ಅದೊಂದ ಕೈಗೆ ಬಂತು. ಮಂದಿ ಎದ್ದು ಚಪ್ಪಾಳಿ ಹೊಡದ್ರು. ಇವತ್ತಿಗೂ ಹೊಡೀತಾರ. ರಿಕಾರ್ಡಿನ್ಯಾಗೂ ಕಡೀಗೆ ಅದ ಐತಿ." ಅವನು ತಲೆ ತಗ್ಗಿಸಿದ. "ಇವತ್ತ ಅದನ್ನ ನುಡಿಸಿ, ಇದು ನಂದಲ್ಲ, ಸೋಮಣ್ಣಂದು ಅಂತ ಇಷ್ಟೂ ಮಂದಿ ಮುಂದ ಹೇಳಬೇಕಂತ ಬಂದಿದ್ದೆ."

ಸೋಮನಿಂಗ ಎಂಜಲು ಕೈಯಲ್ಲೇ ಎದ್ದ. "ನಡೀ! ಬಸ್ ಸ್ಟ್ಯಾಂಡಿನ್ಯಾಗ ಇನ್ನೂ ಇರ್ತಾರ! ಅಲ್ಲೇ ಹೇಳು!" ಎಂದವನೇ ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಸ್ಟ್ಯಾಂಡಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ರಸ್ತೆಯ ಮೇಲೆ ಧೂಳು ಇನ್ನೂ ಅಡಗಿರಲಿಲ್ಲ. ಸೋಮನಿಂಗ ಏದುಸಿರು ಬಿಡುತ್ತ ನಿಂತ. ಇಷ್ಟು ದಿನ ಜೈನುದ್ದೀನನ ಮೇಲೆ ಉರಿದಿದ್ದ. ಈಗ ತನ್ನನ್ನು ಇಲ್ಲೇ ಬಿಟ್ಟು ತಾವಷ್ಟೇ ಮುಂಬಯಿ ನೋಡಿ ಬಂದ ತನ್ನವೇ ಸ್ವರಗಳ ಮೇಲೂ ಉರಿಯತೊಡಗಿದ.