ನೆರಳುಗಾರನ ಐದನೆಯ ಪುಸ್ತಕ

ರಾಣೆಬೆನ್ನೂರಿನ ಭಾನುವಾರದ ಸಂತೆಯಲ್ಲಿ ಕೊಂಡ ನಾಲ್ಕು ಚಿತ್ರಕಥೆ ಪುಸ್ತಕಗಳನ್ನು ಹೊಳಿಯವ್ವ ಒಂದೇ ವಾರದಲ್ಲಿ ಮೂರು ಸಲ ಓದಿ ಮುಗಿಸಿದ್ದಳು. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೈ ಅವಳದು. ಎಷ್ಟು ತೊಳೆದರೂ ಬೆರಳಸಂದಿಯ ಖಾರ ಹೋಗದು. ಅದಕ್ಕೇ ಹಾಳೆಯನ್ನು ಸೆರಗಿನ ತುದಿಯಿಂದ ಹಿಡಿದು ಮಗುಚುತ್ತಿದ್ದಳು. ಪುಸ್ತಕಕ್ಕೆ ಕಲೆಯಾಗಬಾರದು.

ಕಥೆಯ ನಾಯಕ ನೆರಳುಗಾರ. ಮುಖಕ್ಕೆ ಕಪ್ಪು ಬಟ್ಟೆ, ಹೆಗಲಿಗೆ ನೀಲಿ ಶಾಲು. ಅವನ ಬಲವೆಲ್ಲ ಅವನ ನೆರಳಿನಲ್ಲಿ. ಸಂಜೆ ನೆರಳು ಉದ್ದವಾದಾಗ ಬಸ್ಸನ್ನೇ ಎತ್ತಿ ನಿಲ್ಲಿಸುತ್ತಾನೆ. ಮಟಮಟ ಮಧ್ಯಾಹ್ನ ಅದು ಕಾಲಡಿ ಸೇರಿದರೆ ಒಂದು ಕೊಡ ನೀರು ಎತ್ತಲಾರ. ಇದು ಹೊಳಿಯವ್ವನಿಗೆ ಬಹಳ ಹಿಡಿಸಿತ್ತು. ಮೂರು ಹೊತ್ತೂ ಗಟ್ಟಿಯಾಗಿರುವವನ ಕಥೆಯಲ್ಲಿ ಓದುವುದೇನಿದೆ? ಚಿತ್ರ ಬರೆದವನ ಹೆಸರು ಗೊತ್ತಿಲ್ಲದಿದ್ದರೂ ಅವನಿಗೆ ಮನಸ್ಸಿನಲ್ಲೇ ಕೈಮುಗಿದಿದ್ದಳು. ಎಂಥ ಹೊಡೆದಾಟದ ನಡುವೆಯೂ ಮೂಲೆಯಲ್ಲೊಂದು ಬಾಲ ಮುದುರಿದ ನಾಯಿಯನ್ನು ಅವನು ಮರೆತಿರಲಿಲ್ಲ.

ಅವಳು ಅಕ್ಷರ ಕಲಿತದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಸಾಲು ಸಾಲು ತುಂಬಿದ ಪುಟ ಕಂಡರೆ ಈಗ, ಎರಡು ಸಾವಿರದ ಆರನೆಯ ಇಸವಿಯಲ್ಲೂ, ಎದೆ ಡವಗುಟ್ಟುತ್ತಿತ್ತು. ಈ ಪುಸ್ತಕಗಳಲ್ಲಿ ಹಾಗಿಲ್ಲ. ಮಾತು ನಾಲ್ಕು ನಾಲ್ಕಾಗಿ ಗುಳ್ಳೆಯೊಳಗೆ ಕೂತಿರುತ್ತದೆ. ಒಂದು ಹಿಡಿ ಮೆಣಸಿನಕಾಯಿ ಬಿಡಿಸಿ, ಉಸಿರು ಬಿಟ್ಟು, ಇನ್ನೊಂದು ಹಿಡಿಗೆ ಕೈ ಹಾಕಿದಂತೆ. ಪಾಠದ ಪುಸ್ತಕ ಓದು ಕಲಿಸಿತ್ತು, ಖರೇ. ಓದಿನ ಹಸಿವು ಹಚ್ಚಿದವನು ನೆರಳುಗಾರ.

ಆದರೆ ನಾಲ್ಕನೆಯ ಪುಸ್ತಕ ಕೆಟ್ಟ ಗಳಿಗೆಯಲ್ಲಿ ಮುಗಿದಿತ್ತು. ನಡುಹಗಲು. ವೈರಿಗಳು ಅವನನ್ನು ಬಯಲು ಚೌಕದ ಕಂಬಕ್ಕೆ ಬಿಗಿದಿದ್ದಾರೆ. ನೆರಳು ಬೊಟ್ಟಿನಷ್ಟೂ ಇಲ್ಲ. ಭಾನುವಾರ ಬಂದದ್ದೇ ತಡ, ಹೊಳಿಯವ್ವ ರೈಲು ಹತ್ತಿ ರಾಣೆಬೆನ್ನೂರಿಗೆ ಬಂದಳು.

"ಐದನೇದು ಐತೇನಪಾ?"

ಹಳೆಯ ಪುಸ್ತಕ ಮಾರುವ ಖಲಂದರ ತಾಡಪಾಲಿನ ಮೇಲಿಂದ ತಲೆಯೆತ್ತಿದ. "ಐತಿ, ಆದ್ರ ಕೊಡಾಕ ಬರಂಗಿಲ್ಲವಾ. ಹಾವೇರಿ ಲಕ್ಷ್ಮಪ್ಪನೋರು ತಿಂಗಳಿಂದ ಹೇಳಿಟ್ಟಾರ, ಇವತ್ತ ಬರ್ತಾರ. ನಿಮ್ಮ ಮೊಮ್ಮಗಗ ಹುಲಿ-ಕರಡಿದು ಒಯ್ರಿ."

ಹೋದ ವಾರ ಮೊಮ್ಮಗನಿಗೆಂದು ಹೇಳಿದವಳು ಅವಳೇ. ಅರವತ್ತು ದಾಟಿದವಳು ಇಂಥದನ್ನು ತನಗೆಂದು ಹೇಗೆ ಕೇಳುವುದು?

"ಹುಲಿ-ಕರಡಿ ಬ್ಯಾಡ. ನೆರಳುಗಾರನ್ನ ಕಂಬಕ್ಕ ಕಟ್ಟ್ಯಾರ."

"ಸಣ್ಣ ಹುಡುಗ್ರು ಮರೀತಾವ ಬಿಡ್ರಿ."

"ಹುಡುಗ್ರು ಮರೀತಾವ, ನಾ ಮರೀವಲ್ಲೆ," ಎಂದುಬಿಟ್ಟಳು ಹೊಳಿಯವ್ವ. "ಮೊಮ್ಮಗನೂ ಇಲ್ಲ, ಯಾರೂ ಇಲ್ಲ. ಓದಾಕಿ ನಾನ. ವಾರ ಆತು, ತೊಟ್ಟು ಬಿಡಸೂಮುಂದ ಅವನ್ದ ಚಿಂತಿ."

ಖಲಂದರ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. "ಮೊದಲ ಹೇಳಬಾರದೇನವಾ? ಲಕ್ಷ್ಮಪ್ಪನೋರೂ ಎರಡು ವರ್ಷ ಮಗಗ, ಮಗಗ ಅಂತ ಒಯ್ದರು. ಆ ಮಗ ಪೊಲೀಸ ಆಗಿ ಲಗ್ನಾನೂ ಆಗ್ಯಾನಂತ ಆಮ್ಯಾಲೆ ಗೊತ್ತಾತು." ಡಬ್ಬಿಯಿಂದ ಪುಸ್ತಕ ತೆಗೆದು ಅವಳ ಮುಂದಿಟ್ಟ. "ಮಾರಂಗಿಲ್ಲ. ಅವರು ಬರೂತನ ಇಲ್ಲೇ ಕುಂತು ಓದ್ರಿ."

ಅವಳು ಆರನೆಯ ಪುಟಕ್ಕೆ ಬರುವಷ್ಟರಲ್ಲಿ ಲಕ್ಷ್ಮಪ್ಪ ಬಂದೇಬಿಟ್ಟರು. ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ದಪ್ಪ ಕನ್ನಡಕ, ಬಗಲಲ್ಲಿ ಚೀಲ. ಹೊಳಿಯವ್ವ ಎದ್ದು ಪುಸ್ತಕ ಚಾಚಿದಳು. ಕೈ ಚಾಚಿತು, ಮನಸ್ಸು ಬರಲಿಲ್ಲ.

"ನಿಮ್ದಂತ. ತಗೋರಿ."

"ಎಷ್ಟನೇ ಪುಟ?"

"ಆರು."

"ಅವನ ಹಗ್ಗ ಬಿಚ್ಚಿದ್ರೇನು?" ಎಂದವರು ತಕ್ಷಣ ಕೈ ಅಡ್ಡ ತಂದರು. "ಬ್ಯಾಡ, ಹೇಳಬ್ಯಾಡ್ರಿ. ಓದಿ ಮುಗಸ್ರಿ, ನಾ ಚಾ ಕುಡದು ಬರ್ತೇನಿ."

"ನಂದು ಭಾಳ ಸಾವಕಾಶರಿ. ಒತ್ತಕ್ಷರ ಬಂದ್ರ ನಿಲ್ತೇನಿ."

"ಹಂಗಾರ ಎರಡು ಚಾ."

ಅವರು ಮೂರು ಕುಡಿದರು. ಅತ್ತ ಪುಸ್ತಕದ ಚೌಕದಲ್ಲಿ ಮೊದಲು ಒಬ್ಬ ಛತ್ರಿ ರಿಪೇರಿಯವನು ಬಂದು ಕಂಬದ ಪಕ್ಕ ಛತ್ರಿ ಬಿಚ್ಚಿ ನಿಂತ. ಆಮೇಲೆ ಇಬ್ಬರು ಹಮಾಲರು. ಆಮೇಲೆ ಓಣಿಗೆ ಓಣಿಯೇ ಬಂದು ಒತ್ತಿ ನಿಂತಿತು. ಅವರೆಲ್ಲರ ತುಂಡು ತುಂಡು ನೆರಳು ಕೂಡಿಕೊಂಡು ನೆರಳುಗಾರನ ಕಾಲಿಗೆ ಮುಟ್ಟಿತು. ಆ ಪುಟದಲ್ಲಿ ಒತ್ತಕ್ಷರವೇ ಇರಲಿಲ್ಲ. ಆದರೂ ಹೊಳಿಯವ್ವ ಅಲ್ಲಿ ಎರಡು ಸಲ ನಿಂತಳು.

ಸಂಜೆಯ ಪ್ಯಾಸೆಂಜರಿನಲ್ಲಿ ಇಬ್ಬರೂ ಎದುರುಬದುರು ಕೂತರು. ಲಕ್ಷ್ಮಪ್ಪ ಪುಸ್ತಕ ಬಿಡಿಸಿದರು. ಹೊಳಿಯವ್ವ ಅವರ ಮುಖವನ್ನೇ ಓದತೊಡಗಿದಳು.

"ಈ ಛತ್ರಿಯವ ವೈರಿ ಕಡಿಯವನೇನು?" ಅವರು ತಡೆಯಲಾರದೆ ಕೇಳಿದರು.

"ನನ್ನ ಕೇಳಬ್ಯಾಡ್ರಿ," ಎಂದು ಅವಳು ತುಟಿ ಬಿಗಿದು ಕಿಟಕಿಯತ್ತ ತಿರುಗಿದಳು. ಒಳಗೆ ಮಾತು ಕುದಿಯುತ್ತಿತ್ತು. ಓದಿದ್ದನ್ನು ಹೇಳಬೇಡವೆನ್ನುವ ಒಬ್ಬರು ಸಿಕ್ಕಿದ್ದು ಇದೇ ಮೊದಲು. ಅದೂ ಒಂದು ಸುಖವೇ ಎನಿಸಿತು.

ಬ್ಯಾಡಗಿ ಬಂತು. ಅವಳು ಇಳಿದದ್ದು ಅವರಿಗೆ ತಿಳಿಯಲೇ ಇಲ್ಲ. ಅವಳಿಗೆ ಬೇಸರವಾಗಲಿಲ್ಲ, ಅಂಥ ಪುಟದಲ್ಲಿದ್ದವರನ್ನು ಯಾರು ಎಬ್ಬಿಸುತ್ತಾರೆ? ಪ್ಲಾಟ್‌ಫಾರಂ ಮೇಲೆ ಕಿಟಕಿಯ ನೇರಕ್ಕೆ ನಿಂತು ಕಾದಳು. ಗಾಡಿ ಕದಲಿತು. ಆಗ ಲಕ್ಷ್ಮಪ್ಪ ತಲೆಯೆತ್ತಿ, ಖಾಲಿ ಸೀಟು ನೋಡಿ, ಹೊರಗೆ ಹುಡುಕಿ ಅವಳನ್ನು ಕಂಡರು. ಜನ ತುಂಬಿದ ಚೌಕದ ಪುಟವನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದರು.

"ಹೂಂರಿ," ಎಂದಳು ಹೊಳಿಯವ್ವ. "ಅದ. ಅದ ಪುಟ."