ನಡೆಯುವವರಿಗಲ್ಲದ ಸೇತುವೆ

"ಏ ಗಿಲಕಿ, ಆ ಹರಕು ಸೀರೆ ತೆಗಿತೀಯೋ, ಇಲ್ಲ ಅದರ ಜೊತೆಗೆ ನಿನ್ನನ್ನೂ ಕಣಿವೆಗೆ ಒಗೀಲೋ? ಇಷ್ಟು ದೊಡ್ಡ ಸೇತುವೆ ಕಟ್ಸಿದ್ದು ನಿನ್ನ ಬಟ್ಟೆ ಒಣಗಿಸೋಕಲ್ಲ, ಲೌಡಿ."

ಗುತ್ತಿಗೆದಾರನ ಬಾಯಿ ಬೆಳಗ್ಗೆಯೇ ಕಾದಿತ್ತು. ನಾಳೆ ಸೇತುವೆಯ ಉದ್ಘಾಟನೆಗೆ ದೊಡ್ಡವರು ಬರುತ್ತಾರೆ. ಕಾರಿನಿಂದ ಇಳಿದು, ಕಟಾಂಜನಕ್ಕೆ ಒರಗಿ, ಮಂಜು, ಬೆಟ್ಟ, ಬೆಟ್ಟದಿಂದ ಇಳಿಯುವ ನೀರು ಎಲ್ಲ ನೋಡುತ್ತಾರೆ. ಆ ನೋಟದ ನಡುವೆ ಕೆಂಪು ಸೀರೆಯೊಂದು ಪಟಪಟ ಅನ್ನುವುದು ಅವನಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಿತ್ತು.

ಗಿಲಕಿ ಕಂಬಿ ಕಟ್ಟುವವಳು. ಆ ಹೆಸರು ಅವಳ ನಗುವಿಗೆ ಬಿದ್ದದ್ದು. ಎತ್ತರಕ್ಕೆ ಹೋದಾಗ ಉಳಿದವರಿಗೆ ತಲೆ ತಿರುಗಿದರೆ ಅವಳಿಗೆ ನಗು ಬರುತ್ತದೆ. ಒಂದು ಸಲ ಹತ್ತಿಕೊಂಡರೆ ಕೂಸಿನ ಕೈಗೆ ಗಿಲಕಿ ಸಿಕ್ಕಂತೆಯೇ, ನಿಲ್ಲುವ ಮಾತಿಲ್ಲ.

ಸೀರೆಯನ್ನು ಅವಳು ಒಣಗಿಸಲು ಹಾಕಿದ್ದಲ್ಲ. ಆಚೆ ದಿಬ್ಬದಲ್ಲಿ ಅವಳ ತಾಯಿಯ ಮನೆ. ಮಗಳನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಬಂದವಳು. ಮೊದಲು ಕಣಿವೆಗಿಳಿದು ಹತ್ತುವ ಕಾಲುದಾರಿ ಇತ್ತು. ಸೇತುವೆಯ ಕಂಬಕ್ಕೆಂದು ಬಂಡೆ ಸಿಡಿಸಿದಾಗ ಗುಡ್ಡದ ಪಕ್ಕೆ ಜಾರಿ ದಾರಿಯನ್ನು ನುಂಗಿತು. ಅಂದಿನಿಂದ ಸೀರೆಯೇ ಮಾತು. ಕೆಂಪು ಕಂಡರೆ ಅವ್ವ ಇದ್ದಾಳೆ ಎಂದು ಅಜ್ಜಿ ಮೊಮ್ಮಗಳಿಗೆ ತೋರಿಸುತ್ತಾಳೆ.

"ತೆಗಿತೀನಿ ಧಣಿ," ಎಂದಳು ಗಿಲಕಿ. "ಸೇತುವೆ ಶುರುವಾದ್ಮೇಲೆ ಆ ಕಡೆ ನಡ್ಕೊಂಡು ಹೋಗ್ಬಹುದಲ್ವಾ?"

"ಬೋರ್ಡು ಓದೋಕ್ ಬರಲ್ವಾ?"

"ಬರಲ್ಲ."

"ಗಾಡಿಗಳಿಗೆ ಮಾತ್ರ ಅಂತ ಬರೆದಿದೆ. ನಡೆಯೋರಿಗಲ್ಲ. ನೀನೊಂದು ಕಾರ್ ತಗೊಂಡು ಬಾ, ನಾನೇ ಸಲಾಮ್ ಹೊಡೆದು ಗೇಟ್ ತೆಗೀತೀನಿ."

ತನ್ನ ಮಾತಿಗೆ ತಾನೇ ಹೊಟ್ಟೆ ಕುಣಿಸಿ ನಕ್ಕ. ಟಾರು ಬಿದ್ದ ದಿನವೇ ಆಚೆ ತುದಿಗೆ ಗೇಟು ಬಂದಿತ್ತು, ಗೇಟಿಗೆ ಬೀಗ, ಬೀಗಕ್ಕೊಬ್ಬ ಕಾವಲಿನವ. ಗಿಲಕಿ ಸೀರೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಧ್ಯಾಹ್ನ ಹೊಸ ಪೇಚಾಟ. ಸೇತುವೆಯ ಮೇಲೆ ಮರಳಿನ ಲಾರಿ ನಿಲ್ಲಿಸಿ ಗಟ್ಟಿಯೋ ಪೊಳ್ಳೋ ನೋಡಬೇಕು. ಲಾರಿಗಳು ಕೆಳಗಿನ ತಿರುವಿನಲ್ಲಿ ಮಣ್ಣು ಕುಸಿದು ಸಿಕ್ಕಿಕೊಂಡವು.

"ಭಾರ ಹೇರಿ ನೋಡದೆ ನಾನು ಸಹಿ ಹಾಕಲ್ಲ," ಎಂದ ಇಂಜಿನಿಯರ್.

"ಭಾರ ತಾನೇ ಸಾರ್?" ಗುತ್ತಿಗೆದಾರ ಸೇತುವೆಯ ಕೆಳಗಿನ ಕೂಲಿಯವರ ಶೆಡ್ಡುಗಳ ಕಡೆ ಕೈ ಬೀಸಿದ. "ಇಷ್ಟು ಜನ ಭೂಮಿಗೆ ಭಾರವಾಗಿ ಬಿದ್ದಿದ್ದಾರಲ್ಲ. ತಲೆ ಮೇಲೆ ಒಂದೊಂದು ಮರಳು ಮೂಟೆ ಇಟ್ಟು ಹತ್ತಿಸೋಣ."

"ಬಿದ್ರೆ?" ಎಂದಳು ಗಿಲಕಿಯ ಸೋದರತ್ತೆ. ಜಲ್ಲಿ ಹೊತ್ತು ಹೊತ್ತು ನೆತ್ತಿ ಸವೆಸಿಕೊಂಡ ಮುದುಕಿ.

"ಬಿದ್ರೆ ಲಾರಿ ಆದ್ರೂ ಉಳೀತಲ್ಲ."

ಇಂಜಿನಿಯರ್ ಸಹಿಯ ಕಾಗದ ಮಡಿಚಿ ಜೇಬಿಗಿಟ್ಟ. "ಆಗ್ಲಿ. ನಾನು ಕೆಳಗೆ ಅಳೆಯೋ ಯಂತ್ರದ ಮುಳ್ಳು ನೋಡ್ತಿರ್ತೀನಿ. ನೀವೂ ಹೋಗಿ, ಇವರನ್ನ ನಿಲ್ಲಿಸೋಕೆ ಒಬ್ರು ಬೇಕಲ್ಲ. ಒಂದು ಮಾತು, ಯಾರೂ ಒಟ್ಟಿಗೆ ಹೆಜ್ಜೆ ಹಾಕ್ಬಾರ್ದು. ಎಲ್ಲರ ಕಾಲು ಒಂದೇ ಸಲ ಬಿದ್ರೆ ಸೇತುವೆ ತೂಗಾಡುತ್ತೆ."

ಗುತ್ತಿಗೆದಾರ ಒಮ್ಮೆ ಸೇತುವೆಯ ಕಡೆ, ಒಮ್ಮೆ ಜನರ ಕಡೆ ನೋಡಿದ. ಎಲ್ಲರೂ ನೋಡುತ್ತಿದ್ದರು. ಹತ್ತಿದ.

ಒಟ್ಟಿಗೆ ಹೆಜ್ಜೆ ಹಾಕದೆ ನಡೆಯುವುದು ಇವರಿಗೆ ಬಂದರೆ ತಾನೆ? ಜಲ್ಲಿಯ ಬಾಣಲಿ ಹೊತ್ತು ಸಾಲಾಗಿ ನಡೆದವರು; ಹೆಜ್ಜೆ ತಪ್ಪಿದರೆ ಹಿಂದಿನವಳ ಬಾಣಲಿ ಮುಂದಿನವಳ ಬೆನ್ನಿಗೆ. ಈಗ ಬೇಕೆಂದೇ ತಪ್ಪಿಸಹೋಗಿ ಒಬ್ಬರ ಕಾಲಿಗೊಬ್ಬರು ತೊಡರಿದರು.

"ಬೇರೆ ಬೇರೆ ನಡೀರೋ, ಹಲ್ಕಾ ನನ್ಮಕ್ಳಾ."

"ಕಾಲು ಕೇಳಲ್ಲ ಧಣಿ," ಎಂದಳು ಅತ್ತೆ. "ನೀವೇ ಕಲಿಸಿದ್ದು, ಬೈದು ಬೈದು."

ನಡುಮಧ್ಯಕ್ಕೆ ಬಂದಾಗ ಮೂಟೆ ಇಳಿಸಿ ಅಲ್ಲಾಡದೆ ನಿಲ್ಲಿ ಎಂದ ಗುತ್ತಿಗೆದಾರ. ಗಿಲಕಿ ಬೆನ್ನು ನೆಟ್ಟಗೆ ಮಾಡಿದಳು. ಇಷ್ಟು ದಿನ ಬಗ್ಗಿ ತಂತಿ ತಿರುವಿದ ಜಾಗ. ಅಲ್ಲಿಂದ ಹೀಗೆ ಕಾಣುತ್ತದೆಂದು ಯಾರು ಕಂಡಿದ್ದರು? ಮಂಜು ಕಾಲ ಕೆಳಗೆ ಅರಳೆಯಂತೆ ಉರುಳುತ್ತಿತ್ತು. ಹದ್ದಿನ ಬೆನ್ನು ಕಾಣುತ್ತಿತ್ತು. ಆಚೆ ದಿಬ್ಬದಲ್ಲಿ ತಾಯಿಯ ಮನೆಯ ಹೊಗೆ, ಅಂಗಳದಲ್ಲಿ ಎಳ್ಳುಕಾಳಿನಷ್ಟು ಏನೋ ಓಡಾಡುತ್ತಿತ್ತು.

ನಗು ಬಂತು. ತಡೆದಳು, ಮೂಗಿನಿಂದ ಹೊರಟಿತು. ಪಕ್ಕದವನಿಗೆ ಅಂಟಿತು, ಅವನಿಂದ ಅತ್ತೆಗೆ. ಸ್ವಲ್ಪ ಹೊತ್ತಿಗೆ ಮರಳು ಮೂಟೆಗಳನ್ನೂ ಗುತ್ತಿಗೆದಾರನನ್ನೂ ಬಿಟ್ಟು ಅಲ್ಲಿದ್ದವರೆಲ್ಲ ನಗುತ್ತಿದ್ದರು.

ಕೆಳಗಿನಿಂದ ಇಂಜಿನಿಯರ್ ಹಸಿರು ಬಾವುಟ ಬೀಸಿದ. ಸೇತುವೆ ಭಾರ ತಡೆದಿತ್ತು.

"ಆಯ್ತು. ಬಂದ ದಾರೀಲೇ ಇಳೀರಿ," ಎಂದ ಗುತ್ತಿಗೆದಾರ. "ಸಂಜೆ ಒಳಗೆ ಶೆಡ್ಡೂ ಖಾಲಿ ಮಾಡಿ."

ಗಿಲಕಿ ಕಣ್ಣೊರೆಸಿಕೊಂಡಳು. "ನಾವು ಆ ಕಡೆ ಇಳೀತೀವಿ."

"ಏನಂದೆ? ಗೇಟಿಗೆ ಬೀಗ ಇದೆ ಬೋಸುಡಿ."

"ಬೀಗದ ಕೈ ನಿಮ್ಮ ಜೇಬಲ್ಲಿದೆ."

ಅವನು ಕೈ ಎತ್ತಿದ. ಅತ್ತೆ ಎಡಗಾಲು ಎತ್ತಿ ನೆಲಕ್ಕೆ ಬಡಿದಳು. ಬಾಣಲಿ ಸಾಲಿನ ಹೆಜ್ಜೆ. ಗಿಲಕಿ ಬಡಿದಳು. ಆಮೇಲೆ ಎಲ್ಲರೂ. ದಡ್, ದಡ್. ಮೊದಲು ಏನೂ ಆಗಲಿಲ್ಲ. ಆಮೇಲೆ ಎಲ್ಲೋ ಆಳದಲ್ಲಿ ಸೇತುವೆ ಮೈ ಮುರಿದು ಎದ್ದ ಹಾಗಾಯಿತು, ಅಂಗಾಲಿಗೆ ಕಚಗುಳಿ ಇಟ್ಟಿತು.

ಗುತ್ತಿಗೆದಾರ ಎತ್ತಿದ ಕೈಯಿಂದಲೇ ಕಟಾಂಜನವನ್ನು ತಬ್ಬಿದ. "ನಿಲ್ಸಿ. ನಿಲ್ಸ್ರೋ. ಸತ್ತೋಗ್ತೀವಿ."

"ಯಾಕ್ ಧಣಿ? ಗಟ್ಟಿ ಇದೆ ಅಂತ ಈಗ ತಾನೇ ಬಾವುಟ ಬೀಸಿದ್ರಲ್ಲ," ಎಂದಳು ಗಿಲಕಿ.

"ನಿಮಗೇನ್ ಗೊತ್ತು ಮುಂಡೇವಾ."

"ಸಿಮೆಂಟು ಎಷ್ಟು ಇದರ ಹೊಟ್ಟೆಗೆ ಹೋಯ್ತು, ಎಷ್ಟು ನಿಮ್ಮ ಲಾರಿಗೆ ಹೋಯ್ತು, ಹೊತ್ತೋರಿಗೆ ಗೊತ್ತಿರಲ್ವಾ?" ಎಂದಳು ಅತ್ತೆ, ಹೆಜ್ಜೆ ತಪ್ಪಿಸದೆ. "ನಾವು ದಿನಾ ಇದರ ಕೆಳಗೇ ಮಲಗೋರು. ಇದು ನಮ್ಮ ಮೇಲೆ ಬಿದ್ರೂ ಅಷ್ಟೆ, ನಾವು ಇದರ ಮೇಲಿಂದ ಬಿದ್ರೂ ಅಷ್ಟೆ. ನಿಮ್ದು ಹೇಳಿ."

ಅವನು ಅಲ್ಲೇ ಕೂತುಬಿಟ್ಟ. ಒಂದು ಕೈ ಕಂಬಿ ಬಿಡಲಿಲ್ಲ, ಇನ್ನೊಂದು ಜೇಬಿಗೆ ಹೋಯಿತು. "ತಗೋ ನಮ್ಮವ್ವಾ, ತಗೊಂಡು ಹೋಗು. ಮೆಲ್ಲಗೆ ಹೋಗು."

ಗಿಲಕಿ ಬೀಗದ ಕೈ ತೆಗೆದುಕೊಂಡಳು. ಹೋಗುವ ಮೊದಲು ಸೊಂಟದ ಸೀರೆ ಬಿಚ್ಚಿ, ಅವನು ತಬ್ಬಿ ಕೂತಿದ್ದ ಕಡೆಯೇ, ತಲೆಯ ಮೇಲೆ, ಕಂಬಿ ಕಟ್ಟುವ ತಂತಿಯಿಂದ ಬಿಗಿದಳು. ಇಕ್ಕಳವಿಲ್ಲದೆ ಬಿಚ್ಚಲಾಗದ ಗಂಟು. ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆಚೆ ಅಂಗಳದ ಎಳ್ಳುಕಾಳು ಓಡಾಟ ನಿಲ್ಲಿಸಿ, ದಿಬ್ಬ ಇಳಿಯತೊಡಗಿತು.

ಸಾಲು ಗೇಟಿನ ಕಡೆ ನಡೆಯಿತು, ಒಂದೇ ಹೆಜ್ಜೆ, ದಡ್, ದಡ್. ಕಾವಲಿನವ ಬೋರ್ಡಿನ ಹಿಂದೆ ಸರಿದು ನಿಂತ. ಹಿಂದೆ, ಅಷ್ಟು ಚಂದದ ನೋಟದ ನಟ್ಟನಡುವೆ, ಬಿಳಿ ಅಂಗಿಯವನೊಬ್ಬ ಕಣ್ಣು ಮುಚ್ಚಿ ಕೂತಿದ್ದ. ಸೀರೆಯ ಸೆರಗು ಗಾಳಿಗೆ ಅವನ ಕೆನ್ನೆಗೆ ಬಡಿಯುತ್ತಲೇ ಇತ್ತು.