ಆನು

ಇವತ್ತು ಮೂಲಂಗಿ ಹೆರೆಯುತ್ತಿದ್ದಾನೆ, ಉದ್ದಕ್ಕೆ, ಸಿಪ್ಪೆ ಎಲ್ಲೂ ತುಂಡಾಗುವುದಿಲ್ಲ, ಫುಟ್‌ಬಾಲ್ ಒದ್ದವನಿಗೆ ಇಷ್ಟು ಹದದ ಕೈ ಎಲ್ಲಿಂದ ಬಂತೋ, ಆಟ ಬಿಟ್ಟು ಅಡುಗೆಮನೆಯಲ್ಲಿ ಕೂತ ಮೇಲೆ ಲೋಕಕ್ಕೆಲ್ಲ ಬೇಕಾದವನಾದ ಈ ಜಪಾನಿನ ಕುರೊಸೆ, ಮಾವಂಗೆ ಹೊತ್ತು ಹೋಗ್ಲಿ ಎಂದು ಅಣ್ಣನ ಮಗಳು ಮೇಧಾ ಮೊಬೈಲಿನ ವಿಡಿಯೊದಲ್ಲಿ ಹಾಕಿಕೊಟ್ಟವನು, ಇವರು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ, ನನ್ನ ಗಂಡ, ನನ್ನನ್ನು ಒಂದು ದಿನವೂ ಹೀಗೆ ನೋಡಿದವರಲ್ಲ, ಗಂಜಿ ಆರುತ್ತಿದೆ, ಬಾಯಿ ತೆಗೆಯಿರಿ — ತೆಗೆಯುವುದಿಲ್ಲ, ಅವನು ಈಗ ಮಾತಾಡಲಿದ್ದಾನೆ, ಚಾಕು ಕೆಳಗಿಟ್ಟು ಮೇಲೆ ನೋಡಿ ಅನೋ ಎನ್ನುತ್ತಾನೆ, ತಡೆಯುತ್ತಾನೆ, ಮತ್ತೆ ಅನೋ, ಅಷ್ಟಕ್ಕೇ ಲಕ್ಷಗಟ್ಟಲೆ ಜನ ಹೃದಯದ ಚಿತ್ರ ಒತ್ತುತ್ತಾರೆ, ಅದೇ ಮಾತು ಬರೆಸಿದ ಅಂಗಿ ತೊಟ್ಟು ಕುಣಿಯುತ್ತಾರೆ, ತಡವರಿಸಿದ್ದಕ್ಕೆ ಇಷ್ಟು ಪ್ರೀತಿ — ಇಲ್ಲೂ ಒಬ್ಬರು ಬಿದ್ದಿದ್ದಾರಲ್ಲ, ಕಾನಸೂರಿನಿಂದ ಹುಲೇಕಲ್‌ವರೆಗೆ ಎಲ್ಲಿ ವಾಲಿಬಾಲ್ ಪಂದ್ಯವಿದ್ದರೂ ಮೈಕು ಇವರ ಕೈಗೇ, ಉಲ್ಲಾಸಣ್ಣ ಇಲ್ಲದಿದ್ದರೆ ಮ್ಯಾಚು ಸಪ್ಪೆ ಎನ್ನುತ್ತಿದ್ದರು, ಚೆಂಡು ನೆಲ ಮುಟ್ಟುವುದರೊಳಗೆ ನಾಲ್ಕು ಮಾತು ಆಡಿ ಮುಗಿಸುತ್ತಿದ್ದ ಬಾಯಿ, ಪಾರ್ಶ್ವವಾಯು ಬಡಿದು ಒಂದು ಬದಿಗೆ ಜೋತಿದೆ, ಮಾತಿನ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ ಶಿರಸಿಯ ಡಾಕ್ಟರು, ಆಗ ಬಂದು ಕೂರುತ್ತಿದ್ದವರು ಈಗ ಗೇಟಿನಿಂದಲೇ ಹೇಗಿದ್ದಾರೆ ಕೇಳಿ ಬೈಕು ತಿರುಗಿಸುತ್ತಾರೆ, ಏನು ಹೇಳಲಿ, ಇದ್ದಾರೆ.

ಆದರೆ ಹೋದ ವಾರ ಒಂದು ಮಧ್ಯಾಹ್ನ, ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ, ಒಳಗಿನಿಂದ ಆನು, ನಮ್ಮ ಮನೆಮಾತಿನಲ್ಲಿ ನಾನು ಎಂದು, ಇವರದೇ ದನಿ, ಒದ್ದೆ ಕೈಯಲ್ಲೇ ಓಡಿದೆ, ನಿಂಗ ಮಾತಾಡಿದ್ರಾ, ಇನ್ನೊಂದ್ಸಲ ಹೇಳಿ, ತುಟಿ ಮುಂದೆ ಬಂತು, ದುಂಡಗಾಯಿತು, ಆನು, ಅತ್ತುಬಿಟ್ಟೆ ನಾನು, ಕೂಗಿ ಕರೆದೆ, ಪಕ್ಕದ ಮನೆಗೆ ಬನವಾಸಿ ಕಡೆಯಿಂದ ಬಂದ ಮುರಿಗೆವ್ವ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು, ಮಾತು ಬಂತಲ್ರೀ ಅಕ್ಕಾರ, ಮೊದ್ಲ ಸಕ್ರಿ ತರ್ರಿ, ಇಡೀ ಕೇರಿಗೆ ಸಕ್ಕರೆ ಹಂಚಿದೆ, ನಾನು ಎಂದರಲ್ಲ, ಅಂದರೆ ಒಳಗೆ ಇದ್ದಾರಲ್ಲ, ನಾನು ಎಂಬುದು ಬಂದ ಮೇಲೆ ನೀನು ಎಂಬುದು ಬಾರದೆ ಇದ್ದೀತೇ, ಪರಿಮಳಾ ಎಂದು ನನ್ನ ಹೆಸರೂ ಬಂದೀತು, ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗದಂತೆ ಇಡುತ್ತಿದ್ದೆ, ಕರೆದರೆ ಕೇಳಿಸಲಿ ಎಂದು — ನಿನ್ನೆ ಮೇಧಾ ಬಂದಳು, ಜಪಾನಿ ಕಾರ್ಟೂನು ನೋಡಿ ನೋಡಿ ಆ ಭಾಷೆ ಅಷ್ಟಿಷ್ಟು ಬಲ್ಲವಳು, ಮಾವಂಗೆ ಮಾತು ಬಂತು ಕೂಸೆ, ಕೇಳು ಎಂದೆ, ಅವಳು ಮೊಬೈಲು ನೋಡಿದಳು, ಇವರನ್ನು ನೋಡಿದಳು, ಅತ್ತೆ, ಬೇಜಾರು ಮಾಡ್ಕ್ಯಳಡ, ಅದು ನಮ್ಮ ಆನು ಅಲ್ಲ, ಅವನ ಅನೋ, ಜಪಾನದವು ಮಾತು ಸಿಗದಿದ್ರೆ ಹಂಗೆ ರಾಗ ಎಳಿತ ಅಷ್ಟೆ, ಅದಕ್ಕೆ ಅರ್ಥ ಇಲ್ಲೆ, ಮಾವ ಅವನ್ನ ನೋಡಿ ಹೇಳದು — ಅರ್ಥ ಇಲ್ಲೆ, ರಾತ್ರಿಯೆಲ್ಲ ಅದೇ, ಅರ್ಥ ಇಲ್ಲೆ, ಅವಳಿಗೆ ಹೊಡೆದುಬಿಡಬೇಕು ಅನಿಸಿತ್ತು, ಬಾಳೆಹಣ್ಣು ಕೊಟ್ಟು ಕಳಿಸಿದೆ.

ಸಾಕು, ಮೊಬೈಲು ಮಗುಚಿ ಇಟ್ಟೆ, ಅವನ ದನಿ ಮುಚ್ಚಿಹೋಯಿತು, ಈಗ ಹೇಳಿ, ಅವ ಇಲ್ಲೆ, ಇಲ್ಲಿ ನಿಂಗ ಮತ್ತೆ ಆನು, ಅಷ್ಟೇ, ಇವರ ಕಣ್ಣು ಮೊಬೈಲಿನ ಬೆನ್ನಿನ ಮೇಲೆ, ನನ್ನ ಮುಖದ ಮೇಲಲ್ಲ, ಗಲ್ಲ ಹಿಡಿದು ತಿರುಗಿಸಿದೆ, ತುಟಿ ಅದುರುತ್ತದೆ, ಆ, ನು, ಹೂಂ, ಆನು ಎಂತ, ಹಸಿವಾತಾ, ಬೇಡ್ದಾ, ಸಾಕಾತಾ, ಎಂತಾದ್ರೂ ಹೇಳಿ, ಕುರೊಸೆಗೆ ಎಷ್ಟು ತಡವರಿಸಿದರೂ ಕೊನೆಗೆ ಮುಂದಿನ ಮಾತು ಸಿಕ್ಕಿಬಿಡುತ್ತದೆ, ಅಷ್ಟು ಜನ ಕಾದದ್ದಕ್ಕೂ ಸಾರ್ಥಕ, ಇಲ್ಲಿ ಕಾಯುವವಳು ನಾನೊಬ್ಬಳು, ಆನು ಎಂತ, ಹೇಳಿ, ಆನು — ತುಟಿ ದುಂಡಗಾಗಿದೆ, ದುಂಡಗೇ ನಿಂತಿದೆ, ಉಸಿರು ಬರುತ್ತದೆ, ಹೋಗುತ್ತದೆ, ದುಂಡಗೆ ತೆರೆದ ಬಾಯಿ.